ಗಿನ್ನೆಸ್ಸಿನಲ್ಲಿ ಮೀನು, ಗುಂಪಿನಲ್ಲಿ ಗಲಾಟೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದದ್ದನ್ನು ಹಾಗೇ ಹಾಕುತ್ತಿದ್ದೇನೆ. ಶುಭೋದಯದ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ. ಹಿಂದಿನ ರಾತ್ರಿ ಡಬ್ಲಿನ್ನಿನಿಂದ ಕಾರ್ತಿಕ ಒಂದು ಪಬ್ಬಿನ ಫೋಟೊ ಕಳಿಸಿದ್ದ. ಮರದ ಪುಟ್ಟ ಕೋಣೆ, ಮೇಜಿನ ಮೇಲೆ ನೊರೆ ನಿಂತ ಕಪ್ಪು ಬಿಯರಿನ ಗ್ಲಾಸು, ಪಕ್ಕದಲ್ಲಿ ಅವನ ಮಗಳು.

ಶಾರದತ್ತೆ: 🔴 ಸಸ್ಯಾಹಾರಿಗಳೇ ಎಚ್ಚರ!! ಐರ್ಲೆಂಡಿನ ಗಿನ್ನೆಸ್ ಬಿಯರನ್ನು ಮೀನಿನ ಚೀಲದಿಂದ ತಯಾರಿಸುತ್ತಾರೆ. ಹತ್ತು ಜನಕ್ಕೆ ಕಳಿಸಿ.

ಶಾರದತ್ತೆ: ನಾನು ಯಾರಿಗೂ ಅಂತ ಹೇಳಿದ್ದಲ್ಲ. ಸುಮ್ನೆ ಬಂತು, ಹಾಕಿದೆ.

ರಘು ಭಾವ: ಮೂಲ ಏನು?

ಶಾರದತ್ತೆ: ಭಜನಾ ಮಂಡಳಿ ಗುಂಪು.

ದೊಡ್ಡಪ್ಪ: ಮೀನು ಆಮೇಲೆ. ಹೆಣ್ಣು ಮಗುವನ್ನು ಹೆಂಡದಂಗಡಿಗೆ ಕರೆದುಕೊಂಡು ಹೋಗುವುದು ಯಾವ ಸಂಸ್ಕಾರ? ನಾವು ಆ ರಸ್ತೆಯಲ್ಲೇ ನಡೆಯುತ್ತಿರಲಿಲ್ಲ.

ಕಾರ್ತಿಕ: ದೊಡ್ಡಪ್ಪ, ಇಲ್ಲಿ ಹಾಗಲ್ಲ. ಅಪ್ಪ ಅಮ್ಮನ ಜೊತೆ ಮಕ್ಕಳು ರಾತ್ರಿ 9ರ ತನಕ ಇರಬಹುದು, ಮೇಯಿಂದ ಸೆಪ್ಟೆಂಬರ್ ತನಕ 10. ಕಾನೂನೇ ಇದೆ. ಒಳಗೆ ಸಿಗರೇಟೂ ಇಲ್ಲ, 2004ರಲ್ಲೇ ನಿಷೇಧ ಆಗಿದೆ. ನಾವು ಸೂಪು ಬ್ರೆಡ್ಡು ತಿಂದು ಬಂದ್ವಿ. ಗ್ಲಾಸು ನಂದಲ್ಲ. ಇಲ್ಲಿ ಸರದಿ ಪ್ರಕಾರ ಒಬ್ಬರು ಎಲ್ಲರಿಗೂ ತರಬೇಕು, ಆಫೀಸಿನವನು ತಂದಿಟ್ಟ.

‘ಗ್ಲಾಸು ನಂದಲ್ಲ’ ಎಂಬ ಮಾತನ್ನು ನಂಬಿದವರು ನಮ್ಮ ವಂಶದಲ್ಲಿ ಇದುವರೆಗೆ ಹುಟ್ಟಿಲ್ಲ.

ವೀಣಕ್ಕ: ಉಪನಯನಕ್ಕೆ ರಜೆ ಸಿಗಲಿಲ್ಲ. ಪಬ್ಬಿಗೆ ಸಿಗುತ್ತೆ. ಒಳ್ಳೇದು.

ಕಾರ್ತಿಕ: ಅಕ್ಕಾ, ಅದು ಶನಿವಾರ ಸಂಜೆ 🙏

ವೀಣಕ್ಕ: ಸರದಿ ಪದ್ಧತಿ ಚೆನ್ನಾಗಿದೆ. ಧರ್ಮಸ್ಥಳಕ್ಕೆ ಹೋದಾಗ ಕೆಲವರಿಗೆ ಗೊತ್ತಿರಲಿಲ್ಲ.

ಸುಬ್ಬು: ಕೆಲವರು ಅಂದ್ರೆ?

ರಘು ಭಾವ: ಹುಡುಕಿ ನೋಡಿದೆ. ಬಿಯರ್ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದ ಅಂಟು ಹಾಕುತ್ತಿದ್ದದ್ದು ನಿಜ. ಅದನ್ನು ಬಿಡುತ್ತೇವೆ ಅಂತ ಕಂಪನಿ 2015ರಲ್ಲಿ ಹೇಳಿತು, ಸೋಸುವ ವಿಧಾನ ಬದಲಾಯಿಸಿತು. ಈಗ ಹಾಕುವುದಿಲ್ಲ. ಬಿಯರ್ ಮಾಡುವುದಂತೂ ಯಾವತ್ತಿಗೂ ಬಾರ್ಲಿಯಿಂದ.

ಶಾರದತ್ತೆ: ಮೀನು ಇತ್ತು ಅಂತಾಯ್ತಲ್ಲ.

ಸುಬ್ಬು: ಕಾರ್ತಿಕಾ, ಇನ್ನೊಂದು ಫೋಟೊದಲ್ಲಿ ಗೋಡೆ ತುಂಬ ಸಣ್ಣ ಡ್ರಾಯರ್ ಇದೆಯಲ್ಲ, ಏನದು?

ಕಾರ್ತಿಕ: ಇದು ಕೀಹೋಸ್ ಅಂತ ಹಳೇ ಪಬ್ಬು. ಮೊದಲು ದಿನಸಿ ಅಂಗಡಿಯೂ ಆಗಿತ್ತು, ಡ್ರಾಯರು ಆಗಿನದು. ಇಲ್ಲಿ ಹಳೇ ಪಬ್ಬುಗಳು ಎಷ್ಟೋ ಹಾಗೇ. ನಾವು ಕೂತದ್ದು ಸ್ನಗ್‌ನಲ್ಲಿ, ಬಾಗಿಲಿರುವ ಪುಟ್ಟ ಕೋಣೆ. ಹಿಂದೆ ಹೆಂಗಸರು ಯಾರ ಕಣ್ಣಿಗೂ ಬೀಳದೆ ಅಲ್ಲಿ ಕೂತು ಕುಡಿಯುತ್ತಿದ್ದರಂತೆ.

ದೊಡ್ಡಮ್ಮ: ಒಳಗಿಂದ ಚಿಲಕ ಇದೆಯಾ?

ದೊಡ್ಡಪ್ಪ: ನೀನು ಫೋನ್ ಇಡು.

ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ.

ಸುಬ್ಬು: ಅಯ್ಯೋ, ನಮ್ಮ ಪೇಟೆ ಶೆಟ್ಟರ ಅಂಗಡಿಯಲ್ಲೂ ಇಂಥದೇ ಡ್ರಾಯರು! ಜೀರಿಗೆ, ಓಮ, ಲವಂಗ. ಸಾಮಾನು ಕಟ್ಟಿಕೊಟ್ಟು ಕೈಗೊಂದು ಬೆಲ್ಲದ ಚೂರು. ಗಲ್ಲಾಪೆಟ್ಟಿಗೆ ಮೇಲೆ ಅವರ ಕರೀ ಬೆಕ್ಕು ಮಲಗಿರುತ್ತಿತ್ತು.

ವೀಣಕ್ಕ: ಆ ಬೆಕ್ಕು ಶೆಟ್ಟರದ್ದಲ್ಲ. ನಮ್ಮನೇದು.

ಸುಬ್ಬು: ನಿಮ್ಮನೇದು ಬಿಳೀದು.

ಬೆಕ್ಕಿನ ಬಣ್ಣದ ಮೇಲೆ ಎಷ್ಟೋ ಹೊತ್ತು ಚರ್ಚೆ ನಡೆಯಿತು. ಅದನ್ನು ಬಿಟ್ಟಿದ್ದೇನೆ. ಮಾತು ತಿರುಗಿಸಲು ಹೋಗಿ ರಘು ಭಾವ ಸಿಕ್ಕಿಬಿದ್ದರು.

ರಘು ಭಾವ: ಇನ್ನೊಂದು ಗೊತ್ತಾ? ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಬ್ರೂವರಿ ಜಾಗವನ್ನು 9000 ವರ್ಷಕ್ಕೆ ಕರಾರು ಮಾಡಿಕೊಂಡ. ವರ್ಷಕ್ಕೆ 45 ಪೌಂಡ್ ಬಾಡಿಗೆ.

ಚಿಕ್ಕಪ್ಪ: 9000 ಅಂತ ಮೊದಲೇ ಬಾಯಿಬಿಟ್ಟು ಹೇಳಿದನಲ್ಲ, ಮರ್ಯಾದಸ್ಥ. ನಮ್ಮ ಮಳಿಗೆಯನ್ನು 11 ತಿಂಗಳಿಗೆ ಅಂತ ತಗೊಂಡು ನಿಮ್ಮ ತಂದೆಯವರು 19 ವರ್ಷ ಬಿಡಲಿಲ್ಲ.

ಚಿಕ್ಕಪ್ಪ ಈ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಬಿಟ್ಟರೆ ಬಾಯಿ ತೆರೆಯುವವರೇ ಅಲ್ಲ.

ದೊಡ್ಡಪ್ಪ: ಸಂಬಂಧ ಕೆಡಿಸುವ ಮಾತು ಬೇಡ. ಎಲ್ಲಾ ಆ ಪಬ್ಬಿನಿಂದ.

ರಘು ಭಾವ: ಬಾಯಿಮಾತು ಬೇಡ ಮಾವಾ. ಕರಾರು ಪತ್ರ ಇದೆಯಾ?

ಚಿಕ್ಕಪ್ಪ: 📷 ಮೂಲ ಮೂಲ ಅಂತೀರಲ್ಲ, ತಗೊಳ್ಳಿ. ಛಾಪಾ ಕಾಗದ, ಸಹಿ ಸಮೇತ.

ರಘು ಭಾವ: ಇದು ಎರಡನೇ ಪುಟ. ಮೊದಲನೇದು ಎಲ್ಲಿ?