ನಿಕಟ ವ್ಯಾಪ್ತಿಯ ವೈರ್‌ಲೆಸ್ ಸಾಧನಗಳು: ಪರವಾನಗಿ ಬೇಡವೆಂದ ಮೇಲೂ ಉಳಿಯುವ ನಿಯಮಗಳು

ಪ್ರಶ್ನೆ: ನಮಸ್ಕಾರ ಸರ್. ನೀರಿನ ಮೀಟರ್‌ಗಳ ಅಳತೆಯನ್ನು ದೂರದಿಂದಲೇ ಪಡೆಯುವ ಸಾಧನವೊಂದನ್ನು ನಮ್ಮ ತಂಡ ರೂಪಿಸುತ್ತಿದೆ. ಅದರ ರೇಡಿಯೊ ಮಾಡ್ಯೂಲ್‌ಗೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಅನುಮೋದನೆ ಇದ್ದು, ಅದು 902ರಿಂದ 928 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ. ಈ ಬ್ಯಾಂಡ್‌ಗೆ ಪರವಾನಗಿ ಬೇಕಿಲ್ಲವೆಂದು ಓದಿದ್ದೇನೆ. ಇದನ್ನೇ ಭಾರತದಲ್ಲೂ ಯುರೋಪಿನಲ್ಲೂ ಮಾರಬಹುದೇ?

ಉತ್ತರ: ಈಗಿರುವ ರೂಪದಲ್ಲಿ ಎರಡೂ ಕಡೆ ಮಾರಲು ಬರುವುದಿಲ್ಲ. ಪರವಾನಗಿಯಿಂದ ವಿನಾಯಿತಿ ಕೊಡುವುದು ಆಯಾ ದೇಶದ ಸರ್ಕಾರ. ಆ ವಿನಾಯಿತಿ ಅದೇ ದೇಶದೊಳಗೆ, ಗೊತ್ತುಪಡಿಸಿದ ಆವರ್ತನ ಮತ್ತು ಶಕ್ತಿಮಿತಿಗೆ ಒಳಪಟ್ಟು ಮಾತ್ರ ಸಲ್ಲುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿದ್ದು, ನೀವು ಹೇಳಿದ ಬ್ಯಾಂಡ್ ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಬಳಕೆಗೆ ಗುರುತಾಗಿರುವುದು ಅಮೆರಿಕ ಖಂಡಗಳಿರುವ ಎರಡನೇ ವಲಯದಲ್ಲಿ. ಭಾರತ ಮೂರನೇ ವಲಯದಲ್ಲಿದೆ, ಯುರೋಪ್ ಮೊದಲನೆಯದರಲ್ಲಿದೆ.

ಇದು ಬರೀ ಕಾಗದದ ತಕರಾರಲ್ಲ. ಭಾರತದಲ್ಲಿ 890ರಿಂದ 915 ಮೆಗಾಹರ್ಟ್ಸ್‌ವರೆಗಿನ ಭಾಗದಲ್ಲಿ ಮೊಬೈಲ್ ಫೋನ್‌ಗಳು ಟವರ್‌ನತ್ತ ಸಂಕೇತ ಕಳಿಸುತ್ತವೆ. ದೂರದ ಫೋನಿನ ಅತಿ ಕ್ಷೀಣ ಸಂಕೇತವನ್ನೂ ಹಿಡಿಯುವಂತೆ ರೂಪಿಸಿದ ಟವರ್‌ನ ರಿಸೀವರ್‌ಗೆ, ಸನಿಹದ ಗೋಡೆಯಲ್ಲಿರುವ ನಿಮ್ಮ ಮೀಟರ್ ಅದೇ ಆವರ್ತನದಲ್ಲಿ ಸಂಕೇತ ಬಿಟ್ಟರೆ, ಆ ಸುತ್ತಲಿನವರ ಕರೆಗಳು ಕಡಿದುಹೋಗಬಹುದು. ಕಾರಣ ಏನೆಂದು ಅವರಿಗೆ ತಿಳಿಯುವುದೇ ಇಲ್ಲ. ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಭಾರತದಲ್ಲಿ ನಿಮಗೆ ಒದಗುವ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. 2005ರಲ್ಲಿ 867ರವರೆಗಿದ್ದ ಈ ವಿನಾಯಿತಿಯನ್ನು 2021ರಲ್ಲಿ 868ಕ್ಕೆ ವಿಸ್ತರಿಸಲಾಯಿತು. ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್ ಮೀರಬಾರದು, ಕ್ಯಾರಿಯರ್‌ನ, ಅಂದರೆ ಮಾಹಿತಿ ಹೊರುವ ತರಂಗದ, ಅಗಲ 200 ಕಿಲೋಹರ್ಟ್ಸ್ ದಾಟಬಾರದು. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಆವರ್ತನಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ, ಅಂದರೆ ಉಪಕರಣದ ಮಾದರಿಗೆ ಅನುಮೋದನೆ, ಪಡೆಯಬೇಕು. ಅದೇ ಇಲಾಖೆಯ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ (ಟಿಇಸಿ) ಕಡ್ಡಾಯ ಪ್ರಮಾಣೀಕರಣ ಬೇರೆಯೇ ವಿಷಯ; ಸಾಧನದ ವರ್ಗ ಅದರ ಪಟ್ಟಿಯಲ್ಲಿದ್ದರೆ ಅದೂ ಆಗಬೇಕು.

ಯುರೋಪಿನಲ್ಲಿ ಶಕ್ತಿಯ ಜೊತೆಗೆ ಸಮಯಕ್ಕೂ ಮಿತಿಯಿದೆ. 868.0ರಿಂದ 868.6 ಮೆಗಾಹರ್ಟ್ಸ್ ಭಾಗದಲ್ಲಿ ಗರಿಷ್ಠ 25 ಮಿಲಿವ್ಯಾಟ್ ವಿಕಿರಣ ಶಕ್ತಿ. ಸಾಮಾನ್ಯ ಸಾಧನವೊಂದು ಪ್ರಸಾರದಲ್ಲಿರಬಹುದಾದದ್ದು ಒಟ್ಟು ಸಮಯದ ಶೇ. 1, ಅಂದರೆ ಗಂಟೆಗೆ 36 ಸೆಕೆಂಡ್. ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಮಾಹಿತಿ ಕಳಿಸುವ ಲೋರಾ ತಂತ್ರಜ್ಞಾನದ ನಿಧಾನಗತಿಯ ಸಂದೇಶವೊಂದಕ್ಕೆ 2 ಸೆಕೆಂಡ್ ಹಿಡಿದರೆ ಗಂಟೆಗೆ 18 ಸಂದೇಶಗಳಿಗೆ ಪಾಲು ಮುಗಿಯಿತು. ಸಂದೇಶ ತಲುಪಿತೆಂಬ ಸ್ವೀಕೃತಿ ಬಾರದಿದ್ದಾಗ ಮತ್ತೆ ಮತ್ತೆ ಕಳಿಸುವ ಪ್ರಯತ್ನಗಳೂ ಈ ಲೆಕ್ಕಕ್ಕೇ ಸೇರುವುದರಿಂದ, ಸಾಧನದೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲೇ ಈ ಗಣನೆ ಇರಬೇಕು.

ಪ್ರಶ್ನೆ: ಧನ್ಯವಾದ ಸರ್. ಅನುಮೋದಿತ ಮಾಡ್ಯೂಲ್ ಬಳಸಿದರೆ ಪೂರ್ಣ ಸಾಧನದ ಪರೀಕ್ಷೆ ತಪ್ಪುವುದಿಲ್ಲವೇ?

ಉತ್ತರ: ಕೆಲಸ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಮಾಡ್ಯೂಲ್‌ನ ಅನುಮೋದನೆ ಅದರೊಂದಿಗೆ ಪರೀಕ್ಷಿಸಿದ ಆಂಟೆನಾದ ಮಾದರಿಗೆ ಅಂಟಿಕೊಂಡಿರುತ್ತದೆ. ವ್ಯಾಪ್ತಿ ಸಾಲದೆಂದು ಹೆಚ್ಚು ಗೇನ್ (ಶಕ್ತಿಯನ್ನು ಒಂದು ದಿಕ್ಕಿಗೆ ಕೇಂದ್ರೀಕರಿಸುವ ಸಾಮರ್ಥ್ಯ) ಇರುವ ಆಂಟೆನಾ ಜೋಡಿಸಿದರೆ ಹಳೆಯ ವರದಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಇನ್ನೊಬ್ಬರ ಪ್ರಶ್ನೆ: ನಾವು ಮನೆಬಳಕೆಯ ವೈ-ಫೈ ಕ್ಯಾಮೆರಾ ತಯಾರಿಸುತ್ತೇವೆ. ರೇಡಿಯೊ ಪರೀಕ್ಷೆಯಲ್ಲಿ ಪಾಸಾದರೆ ವಿದೇಶಕ್ಕೆ ಕಳಿಸಲು ಸಾಕೇ?

ಉತ್ತರ: ಈಗ ಸಾಲದು. ಯುರೋಪ್ ಒಕ್ಕೂಟದ ರೇಡಿಯೊ ಉಪಕರಣ ನಿರ್ದೇಶನದಡಿ ಅಂತರ್ಜಾಲಕ್ಕೆ ಜೋಡಣೆಯಾಗುವ ಸಾಧನಗಳಿಗೆ ಸೈಬರ್ ಭದ್ರತೆಯ ಷರತ್ತುಗಳು 2025ರ ಆಗಸ್ಟ್ 1ರಿಂದ ಅನ್ವಯಿಸುತ್ತವೆ. ಬ್ರಿಟನ್ ಅದಕ್ಕೂ ಮೊದಲೇ, 2024ರ ಏಪ್ರಿಲ್ 29ರಿಂದ, ಗ್ರಾಹಕ ಸಾಧನಗಳಿಗೆ ಮೂರು ಅಂಶಗಳನ್ನು ಕಡ್ಡಾಯ ಮಾಡಿದೆ: ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇರಬಾರದು, ಭದ್ರತಾ ಲೋಪ ಕಂಡವರು ಯಾರಿಗೆ ತಿಳಿಸಬೇಕೆಂಬುದನ್ನು ಪ್ರಕಟಿಸಬೇಕು, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ದೊರೆಯುತ್ತದೆಂದು ಹೇಳಬೇಕು. ಇವುಗಳಲ್ಲಿ ತಯಾರಕರು ಹಗುರವಾಗಿ ಕಾಣುವುದು ಮೊದಲನೆಯದನ್ನೇ. ಪ್ರತಿ ಕ್ಯಾಮೆರಾಗೂ ಬೇರೆ ಪಾಸ್‌ವರ್ಡ್ ಕೊಟ್ಟರೂ ಅದು ಒಂದೊಂದೇ ಅಂಕಿ ಏರುತ್ತಾ ಹೋಗುವಂತಿದ್ದರೆ ನಿಯಮಕ್ಕೆ ಒಪ್ಪಿಗೆಯಾಗದು. ಆದ್ದರಿಂದ ಕಾರ್ಖಾನೆಯಲ್ಲೇ ಊಹೆಗೆ ಸಿಗದ ಪಾಸ್‌ವರ್ಡ್ ಸೃಷ್ಟಿಸಿ ಲೇಬಲ್‌ನಲ್ಲಿ ಮುದ್ರಿಸಿ, ಇಲ್ಲವೇ ಮೊದಲ ಬಾರಿ ಚಾಲೂ ಮಾಡಿದಾಗ ಗ್ರಾಹಕರೇ ಅದನ್ನು ಹೊಂದಿಸಿಕೊಳ್ಳುವ ವ್ಯವಸ್ಥೆ ಮಾಡಿ.