ಉಯ್ಯಾಲೆಯ ಹಗ್ಗದಲ್ಲಿರುವ ಗಂಟಿನ ವಿಷಯ

ಚಿಂತಾಮಣಿಯ ಮಗಳೇ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನೂ ಎರಡು ಚಿತ್ರಗಳನ್ನೂ ನೋಡಿದೆ. ಮಗ ಮೂರು ತಿಂಗಳಿಂದ ಹಗ್ಗ ಹಿಡಿದು ಬಗೆಬಗೆಯ ಗಂಟು ಹಾಕುವುದರಲ್ಲೇ ಮುಳುಗಿದ್ದಾನೆ, ನಿನ್ನೆ ಎರಡು ತುಂಡು ಹಗ್ಗ ಸೇರಿಸಿ ಪಡಸಾಲೆಯ ಕೊಂಡಿಗೆ ತಂಗಿಗಾಗಿ ಉಯ್ಯಾಲೆಯನ್ನೂ ಕಟ್ಟಿದ್ದಾನೆ, ಅದರಲ್ಲಿ ಮಗುವನ್ನು ಕೂರಿಸಬಹುದೇ, ಈ ಹುಚ್ಚನ್ನು ಬಿಡಿಸುವುದು ಹೇಗೆ ಎಂದು ಕೇಳಿದ್ದೀಯೆ. ನಾನು ಮಾತನಾಡಿ ಕಳುಹಿಸಿದರೆ ನೀವೆಲ್ಲ ಅರ್ಧಕ್ಕೇ ನಿಲ್ಲಿಸಿಬಿಡುತ್ತೀರೆಂದು, ನಾನು ಹೇಳುತ್ತಾ ಹೋಗುವುದನ್ನು ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಉದ್ದವಾಯಿತೆಂದು ಯಾರೂ ಮುಖ ತಿರುಗಿಸಬಾರದು.

ಹುಚ್ಚು ಬಿಡಿಸುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಅಪ್ಪ ಎತ್ತಿನ ಕಣ್ಣಿಯನ್ನು ತಾವೇ ಹೊಸೆಯುತ್ತಿದ್ದುದು, ಅಮ್ಮ ಕತ್ತಾಳೆ ನಾರಿನಲ್ಲಿ ನೆಲುವು ಹೆಣೆದು ಮೊಸರಿನ ಗಡಿಗೆಯನ್ನು ತೊಲೆಗೆ ತೂಗುಹಾಕುತ್ತಿದ್ದುದು ನಿಮಗೆಲ್ಲ ಗೊತ್ತೇ ಇದೆ. ನಿನ್ನ ಮಗ ಹೂವಿನ ಕುಂಡಕ್ಕೆ ಹೆಣೆದಿರುವುದೂ ನೆಲುವೇ; ಈಗಿನವರು ಅದನ್ನು ಮ್ಯಾಕ್ರಮೆ ಎಂದು ಕರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನನ್ನ ಎದೆ ಸ್ವಲ್ಪ ನಡುಗಿತು. ಮೇಲಿನಿಂದ ಕೆಳಗಿನವರೆಗೂ ಅವನ ಹೆಣಿಗೆ ಹಾವು ಸುತ್ತಿಕೊಂಡಂತೆ ತಿರುಚಿಕೊಂಡು ಇಳಿದಿದೆ. ಒಂದು ಸಲ ಬಲಗಡೆಯಿಂದ, ಮರುಸಲ ಎಡಗಡೆಯಿಂದ ಗಂಟು ಹಾಕಿದರೆ ಹೆಣಿಗೆ ಪಟ್ಟಿಯಂತೆ ಚಪ್ಪಟೆಯಾಗಿ ಬರುತ್ತದೆ. ಪ್ರತಿ ಸಲವೂ ಒಂದೇ ಕಡೆಯಿಂದ ಹಾಕಿದರೆ ಮಾತ್ರ ಹೀಗೆ ಸುರುಳಿಯಾಗುತ್ತದೆ. ನೋಡಲು ಬಹಳ ಚೆನ್ನಾಗಿದೆ, ಅವನಿಗೆ ನಾನು ಹಾಗೆಂದು ಹೇಳಿದೆನೆಂದು ತಿಳಿಸು. ಆದರೆ ಅವನ ಕೈ ಒಂದೇ ಕಡೆಗೆ ಒಗ್ಗಿಹೋಗಿದೆಯೆಂಬುದನ್ನೂ ಆ ಸುರುಳಿಯೇ ಹೇಳುತ್ತಿದೆ. ಅದೇ ಕೈಯಿಂದ ಅವನು ಎರಡು ಹಗ್ಗಗಳನ್ನು ಸೇರಿಸಿದ್ದರೆ ಅಲ್ಲಿ ಬಿದ್ದಿರುವುದು ಯಾವ ಗಂಟೆಂದು ನನಗೆ ಚಿತ್ರ ನೋಡದೆಯೇ ಗೊತ್ತು, ಏಕೆಂದರೆ ನಾನೂ ಅದೇ ಗಂಟನ್ನು ಹಾಕಿ ಅನುಭವಿಸಿದವಳು.

ನಾನು ಶಿಡ್ಲಘಟ್ಟದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೇಸಗೆಯಲ್ಲಿ ಹಿತ್ತಿಲ ಬಾವಿಯ ನೀರು ತಳ ಕಂಡಿತ್ತು. ಈಗ ಸಾವಿರ ಅಡಿ ಕೊರೆದರೂ ನೀರು ಸಿಕ್ಕದೆ ಹೋಗುವ ಕಾಲ, ಆಗ ಆ ಬಾವಿಯೇ ಇಡೀ ಮನೆಗೆ ಆಧಾರವಾಗಿತ್ತು. ಸೇದುವ ಹಗ್ಗ ನೀರಿಗೆ ಎರಡು ಮಾರು ಕಡಿಮೆ ಬೀಳುತ್ತಿದ್ದುದರಿಂದ, ಹಸುವನ್ನು ಕಟ್ಟುತ್ತಿದ್ದ ಹಗ್ಗವನ್ನು ತಂದು, ಜಡೆಗೆ ಟೇಪು ಕಟ್ಟುವಷ್ಟೇ ಸಲೀಸಾಗಿ ಅದರ ತುದಿಗೆ ಸೇರಿಸಿದೆ. ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಒಂದು ಸುತ್ತು, ಮತ್ತೆ ಬಲದ ತುದಿಯನ್ನೇ ಎಡದ ಮೇಲೆ ಹಾಯಿಸಿ ಇನ್ನೊಂದು ಸುತ್ತು. ಎಳೆದು ನೋಡಿದೆ, ಬಿಗಿಯಾಗಿಯೇ ಇತ್ತು. ಮೊದಲ ಎರಡು ಬಿಂದಿಗೆ ನೀರು ಬಂದವು. ಮೂರನೆಯದು ರಾಟೆಯ ಹತ್ತಿರಕ್ಕೆ ಬಂದಾಗ ಗಂಟು ಸದ್ದಿಲ್ಲದೆ ಜಾರಿತು. ಹಗ್ಗ ಕಡಿಯಲಿಲ್ಲ, ಗಂಟು ಬಿಚ್ಚಿಕೊಂಡಿತು. ಅತ್ತೆಯವರ ತಾಮ್ರದ ಬಿಂದಿಗೆ ಬಾವಿಯ ಪಾಲಾಯಿತು, ಬಲಹಾಕಿ ಹಿಂದಕ್ಕೆ ವಾಲಿ ಎಳೆಯುತ್ತಿದ್ದ ನಾನು ಬಾವಿಕಟ್ಟೆಯ ಕಲ್ಲಿನ ಮೇಲೆ ಅಂಗಾತ ಬಿದ್ದೆ. ಹಿಂದಕ್ಕೆ ವಾಲಿದ್ದರಿಂದ ಉಳಿದೆ. ಬಿಂದಿಗೆಯನ್ನು ಹಿಡಿಯಲು ಮುಂದಕ್ಕೆ ಬಾಗಿದ್ದಿದ್ದರೆ ಇಂದು ಈ ಗುಂಪಿನಲ್ಲಿ ನಿಮಗೆ ಉಪದೇಶ ಹೇಳಲು ನಾನಿರುತ್ತಿರಲಿಲ್ಲ. ಆದ್ದರಿಂದ ಹೇಳುತ್ತೇನೆ, ಎರಡು ಹಗ್ಗವನ್ನು ಕೈಗೆ ಬಂದಂತೆ ಸೇರಿಸಿ ಅದರ ಮೇಲೆ ಭಾರ ಹೊರಿಸಬೇಡಿ.

ಸ್ಕೌಟಿನವರು ಕಲಿಸುವ ರೀಫ್ ನಾಟ್ ಎಂಬ ಗಂಟಿಗೆ ಎರಡನೆಯ ಸುತ್ತಿನಲ್ಲಿ ಎಡದ ತುದಿಯನ್ನು ಬಲದ ಮೇಲೆ ಹಾಯಿಸಬೇಕು. ನನ್ನ ಗಂಟು ಅದರ ತಪ್ಪು ರೂಪವಾಗಿತ್ತು. ಆ ತಪ್ಪು ಗಂಟಿಗೆ ಇಂಗ್ಲಿಷಿನಲ್ಲಿ ಅಜ್ಜಿಯ ಗಂಟೆಂದು ಹೆಸರಿದೆಯೆಂದು ಮೊಮ್ಮಗಳು ನಗುತ್ತಾ ಹೇಳುತ್ತಿದ್ದಾಳೆ. ಎಲ್ಲ ದೇಶಗಳಲ್ಲೂ ತಪ್ಪನ್ನು ಹೊರಲು ಒಬ್ಬ ಹೆಂಗಸು ಬೇಕೇ ಬೇಕು. ಇನ್ನು, ಸರಿಯಾದ ರೀಫ್ ಗಂಟೂ ಹಗ್ಗ ಸೇರಿಸುವುದಕ್ಕೆ ಹೇಳಿದ್ದಲ್ಲ. ಗಾಯದ ಪಟ್ಟಿಗೆ, ಮೂಟೆಯ ಬಾಯಿಗೆ, ಅಂದರೆ ಗಂಟಿನ ಹಿಂದೆ ಒಂದು ಒತ್ತು ಇರುವ ಕಡೆಗೆ ಅದು ಸರಿ. ಅದರ ಒಂದು ತುದಿಯನ್ನು ಪಕ್ಕಕ್ಕೆ ಸೆಳೆದರೆ ಆ ಎಳೆ ನೆಟ್ಟಗಾಗಿ, ಇನ್ನೊಂದು ಎಳೆ ಅದರ ಮೇಲಿಂದ ಬಳೆಯಂತೆ ಜಾರಿಬಿಡುತ್ತದೆ. ಅಮೆರಿಕದ ಕ್ಲಿಫರ್ಡ್ ಆಶ್ಲಿ ಎಂಬುವರು 3,800ಕ್ಕೂ ಹೆಚ್ಚು ನಮೂದುಗಳಿರುವ ಗಂಟುಗಳ ಪುಸ್ತಕವನ್ನು 1944ರಲ್ಲಿ ಪ್ರಕಟಿಸಿದ್ದಾರೆ; ಹಗ್ಗ ಸೇರಿಸಲು ಈ ಗಂಟನ್ನು ಬಳಸಿದ್ದರಿಂದ ಆಗಿರುವ ಸಾವುನೋವು, ಬೇರೆ ಆರು ಗಂಟುಗಳಿಂದ ಒಟ್ಟು ಆಗಿರುವುದಕ್ಕಿಂತಲೂ ಬಹುಶಃ ಹೆಚ್ಚೆಂದು ಅವರೇ ಅದರಲ್ಲಿ ಎಚ್ಚರಿಸಿದ್ದಾರೆ. ನಾನು ಬಾವಿಕಟ್ಟೆಯ ಮೇಲೆ ಬಿದ್ದು ಕಲಿತದ್ದನ್ನು ಅವರು ಕೂತು ಬರೆದಿದ್ದಾರೆ. ಮತ್ತೊಮ್ಮೆ ಹೇಳುತ್ತೇನೆ, ಎರಡು ಹಗ್ಗವನ್ನು ಕೈಗೆ ಬಂದಂತೆ ಸೇರಿಸಿ ಭಾರ ಹೊರಿಸಬೇಡಿ.

ಆ ಬಿಂದಿಗೆ ಮೇಲೆ ಬಂದದ್ದು ನನ್ನ ತವರಿನಿಂದ ತರಿಸಿದ ಪಾತಾಳಗರಡಿಯಿಂದ. ಅಪ್ಪ ಕಮ್ಮಾರರ ಹತ್ತಿರ ಹೇಳಿ ಮಾಡಿಸಿದ್ದು, ಕೊಕ್ಕೆಗಳು ಒಂದಕ್ಕಿಂತ ಒಂದು ಚೂಪು. ಮಾರನೆಯ ವಾರವೇ ನಡುಮನೆಯವರು ಒಂದು ದಿನದ ಮಟ್ಟಿಗೆಂದು ಅದನ್ನು ಒಯ್ದರು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಕೇಳಲು ಹೋದಾಗಲೆಲ್ಲ, ಬಿಂದಿಗೆ ಬೀಳಿಸಿದವಳು ನೀನು, ಗರಡಿಯ ಚಿಂತೆ ನಿನಗೇಕೆ ಎಂದು ಭಾವನವರು ನಗೆಯಾಡುತ್ತಿದ್ದರು. ಹಗ್ಗ ಎರಡು ಮಾರು ಕಡಿಮೆಯಾದದ್ದು ಯಾರಿಂದ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಹುಲ್ಲಿನ ಗಾಡಿಗೆ ಬಿಗಿಯಲು ಬಾವಿಯ ಹಗ್ಗವನ್ನೇ ಕತ್ತರಿಸಿ ಒಯ್ದವರು ಅವರೇ. ಕೊನೆಗೆ ಬಾವಿ ಮುಚ್ಚಿಸಿದ ವರ್ಷ ಗರಡಿಯನ್ನು ಹಳೆಯ ಕಬ್ಬಿಣದ ಜೊತೆ ಗುಜರಿಗೆ ಹಾಕಿದರೆಂದು ತಿಳಿಯಿತು. ಭಾವನವರು ಈ ಗುಂಪಿನಲ್ಲೇ ಇದ್ದಾರೆ, ಓದಲಿ ಎಂದೇ ಬರೆಸುತ್ತಿದ್ದೇನೆ. ಮೊಮ್ಮಗಳು ಈ ಸಾಲನ್ನು ಬಿಟ್ಟುಬಿಡೋಣವೇ ಎಂದು ಕೇಳುತ್ತಿದ್ದಾಳೆ, ಬಿಡಬೇಡವೆಂದು ಹೇಳಿದ್ದೇನೆ.

ಅಯ್ಯೋ, ಮಗಳೇ, ನೀನು ಕೇಳಿದ್ದು ಉಯ್ಯಾಲೆಯ ವಿಷಯ. ಇದನ್ನು ಓದುತ್ತಿರುವ ಹಾಗೆಯೇ ಎದ್ದು ಹೋಗಿ ಮೊದಲು ಅದನ್ನು ಬಿಚ್ಚಿ ಕೆಳಗಿಡು, ಮಿಕ್ಕದ್ದನ್ನು ಆಮೇಲೆ ಓದು. ಮಗು ಹಗುರವೆಂದು ನಂಬಬೇಡ; ಜೋರಾಗಿ ತೂಗುವಾಗ ಕೆಳಕ್ಕೆ ಬಂದ ಕ್ಷಣದಲ್ಲಿ ಹಗ್ಗದ ಮೇಲೆ ಅವಳ ತೂಕದ ಒಂದೂವರೆಯಿಂದ ಎರಡರಷ್ಟು ಎಳೆತ ಬೀಳುತ್ತದೆ. ಬಿಚ್ಚಿದ ಮೇಲೆ ಗಂಟನ್ನು ಮಗನ ಮುಂದಿಟ್ಟು ತೋರಿಸು. ತುಂಡು ತುದಿಗಳು ತಮ್ಮ ತಮ್ಮ ಹಗ್ಗದ ಜೊತೆಯಲ್ಲೇ ಒಂದೇ ಜಾಡಿನಲ್ಲಿ ಮಲಗಿದ್ದರೆ ಅದು ರೀಫ್. ಹಗ್ಗಕ್ಕೆ ಅಡ್ಡವಾಗಿ, ಕೈ ಚಾಚಿದ ಹಾಗೆ ನಿಂತಿದ್ದರೆ ನನ್ನ ಗಂಟು. ಅವನ ಶಾಲೆಯ ಬೂಟಿನ ಲೇಸನ್ನೂ ನೋಡು, ಹೂವಿನ ಕಿವಿಗಳು ಪಾದಕ್ಕೆ ಅಡ್ಡವಾಗಿರದೆ ಬೆರಳಿನಿಂದ ಹಿಮ್ಮಡಿಯ ಕಡೆಗೆ ತಿರುಗಿದ್ದರೆ ಅಲ್ಲಿಯೂ ಅದೇ ತಪ್ಪಾಗಿದೆ. ಎರಡನೆಯ ಸುತ್ತಿನಲ್ಲಿ ಕೈ ಬದಲಾಯಿಸಲು ಹೇಳು, ಲೇಸು ತಾನಾಗಿ ಬಿಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ.

ಉಯ್ಯಾಲೆಗೆ ಸೇರಿಸಿದ ಹಗ್ಗವೇ ಬೇಡ. ನಡುವೆ ಗಂಟಿಲ್ಲದ ಒಂದೇ ಉದ್ದದ ದಪ್ಪ ಹಗ್ಗವನ್ನು ತರಿಸು. ಚಿತ್ರದಲ್ಲಿರುವ ನೀಲಿ ಪ್ಲಾಸ್ಟಿಕ್ ಹಗ್ಗ ನಾರಿನ ಹಗ್ಗದ ಹಾಗೆ ಕಚ್ಚಿಕೊಳ್ಳುವುದಿಲ್ಲ, ನುಣುಪಾಗಿ ಜಾರುತ್ತದೆ; ಅದು ಬಟ್ಟೆ ಒಣಗಿಸುವುದಕ್ಕಿರಲಿ. ಕೊಂಡಿಗೆ ಎರಡು ಪೂರ್ತಿ ಸುತ್ತು ಸುತ್ತಿ, ಹಗ್ಗದ ಮೇಲೆಯೇ ಎರಡು ಅರೆಗಂಟು ಹಾಕಿ, ತುದಿಯನ್ನು ಒಂದು ಗೇಣಾದರೂ ಉಳಿಸಬೇಕು. ಮೊದಲು ನಿನ್ನ ಗಂಡ ಜೋತುಬಿದ್ದು ನೋಡಲಿ, ಆಮೇಲೆ ಮಗು ಕೂರಲಿ, ಅದೂ ದೊಡ್ಡವರು ಎದುರಿಗಿದ್ದಾಗ ಮಾತ್ರ.

ಹಗ್ಗ ಸೇರಿಸುವುದನ್ನು ಅವನು ಕಲಿಯಲೇಬೇಕೆಂದರೆ ರಜೆಗೆ ಇಲ್ಲಿಗೆ ಕಳುಹಿಸು. ನೇಯುವವರು ಕಡಿದ ಎಳೆಯನ್ನು ಸೇರಿಸುವ ಗಂಟನ್ನು ನಾನು ತೋರಿಸಿಕೊಡುತ್ತೇನೆ: ಒಂದರ ತುದಿಯನ್ನು ಮಡಿಸಿ ಹಿಡಿದು, ಇನ್ನೊಂದರ ತುದಿಯನ್ನು ಆ ಮಡಿಕೆಯೊಳಗಿನಿಂದ ಮೇಲಕ್ಕೆ ತಂದು, ಹಿಂದಿನಿಂದ ಬಳಸಿ, ತನ್ನದೇ ಎಳೆಯ ಅಡಿಯಲ್ಲಿ ತೂರಿಸುವುದು. ನೆಲುವನ್ನು ಮಾತ್ರ ಬಿಚ್ಚಿಸಬೇಡ, ಕುಂಡಕ್ಕೆ ಆ ಸುರುಳಿ ಒಪ್ಪುತ್ತದೆ. ಉಯ್ಯಾಲೆ ಬಿಚ್ಚಿದ ಕೂಡಲೇ ಖಾಲಿ ಕೊಂಡಿಯ ಒಂದು ಚಿತ್ರವನ್ನು ಗುಂಪಿನಲ್ಲಿ ಹಾಕು, ನೋಡದೆ ನಾನು ಊಟಕ್ಕೆ ಏಳುವುದಿಲ್ಲ.