ಬೇಗ ಬೆಳೆಯುವ ಕುಲಾಂತರಿ ಸಾಲ್ಮನ್: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ:
ಅಕ್ವಾಬೌಂಟಿ ಕಂಪನಿಯ ಕುಲಾಂತರಿ ಸಾಲ್ಮನ್ 16–18 ತಿಂಗಳಲ್ಲಿ ಮಾರಾಟದ ತೂಕಕ್ಕೆ ಬರುತ್ತದೆ, ಮಾಮೂಲಿ ಅಟ್ಲಾಂಟಿಕ್ ಸಾಲ್ಮನ್‌ಗೆ 28–36 ತಿಂಗಳು ಬೇಕು ಎನ್ನುತ್ತಿದ್ದರು. ಅಮೆರಿಕದಲ್ಲಿ 2015ರಲ್ಲೇ ಅನುಮತಿಯೂ ಸಿಕ್ಕಿತ್ತು. ಆದರೂ 2024ರ ಡಿಸೆಂಬರ್‌ನಲ್ಲಿ ಮೀನು ಸಾಕುವುದನ್ನೇ ನಿಲ್ಲಿಸಿದರು. ಅರ್ಧ ಸಮಯದಲ್ಲಿ ಬೆಳೆ ಬಂದರೂ ನಷ್ಟ ಹೇಗೆ? ಗಿಫ್ಟ್ ತಿಲಾಪಿಯಾ ಸಾಕುವ ನಮ್ಮ ರೈತರಿಗೂ ಇದು ಅನ್ವಯಿಸುತ್ತದೆಯೇ?

ಉತ್ತರ 1:
ಲೆಕ್ಕ ತಪ್ಪಿದ್ದು ತೊಟ್ಟಿಯಲ್ಲಿ. ತಪ್ಪಿಸಿಕೊಂಡು ಹೊಳೆ, ಸಮುದ್ರ ಸೇರಬಾರದೆಂದು ಈ ಮೀನನ್ನು ನೆಲದ ಮೇಲಿನ ತೊಟ್ಟಿಗಳಲ್ಲೇ ಬೆಳೆಸಬೇಕೆಂಬ ಷರತ್ತಿತ್ತು. ನಾರ್ವೆಯ ಬಲೆಗೂಡುಗಳಲ್ಲಿ ಸಮುದ್ರದ ನೀರೇ ಆಮ್ಲಜನಕ ತಂದುಕೊಟ್ಟು, ಗಲೀಜು ಹೊತ್ತೊಯ್ಯುತ್ತದೆ. ತೊಟ್ಟಿಯಲ್ಲಿ ಅದಷ್ಟೂ ಕೆಲಸ ಪಂಪು, ಫಿಲ್ಟರ್, ನೀರು ತಂಪಾಗಿಸುವ ಚಿಲ್ಲರ್‌ಗಳದ್ದು. ಕರೆಂಟು ಹಗಲು ರಾತ್ರಿ ಓಡುತ್ತದೆ.

ಬಹಳ ಜನ ಗಮನಿಸದ ಸಂಗತಿ ಇನ್ನೊಂದಿದೆ. ಫಿಲ್ಟರ್‌ನ ಗಾತ್ರ ನಿಗದಿಯಾಗುವುದು ದಿನಕ್ಕೆ ಹಾಕುವ ಮೇವಿನ ಮೇಲೆ. ಒಂದು ಕಿಲೋ ಮೇವಿಗೆ ಸುಮಾರು ಅರ್ಧ ಕಿಲೋ ಆಮ್ಲಜನಕ ಬೇಕು, 30–40 ಗ್ರಾಂ ಅಮೋನಿಯಾ ಹೊರಬರುತ್ತದೆ. ಬೇಗ ಬೆಳೆಯುವ ಮೀನು ದಿನಕ್ಕೆ ಹೆಚ್ಚು ತಿನ್ನುತ್ತದೆ. ತೊಟ್ಟಿ ಬೇಗ ಖಾಲಿಯಾಗುವುದು ನಿಜ, ಆದರೆ ಹೆಚ್ಚಿದ ಮೇವಿಗೆ ತಕ್ಕಂತೆ ಬಯೋಫಿಲ್ಟರ್ (ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಕಳೆಯುವ ಫಿಲ್ಟರ್) ದೊಡ್ಡದಿರಬೇಕು.

ಓಹಿಯೋದ ಪಯೋನೀರ್‌ನಲ್ಲಿ ವರ್ಷಕ್ಕೆ 10,000 ಟನ್ನಿನ ಫಾರ್ಮ್ ಕಟ್ಟಲು ಹೊರಟರು. 20 ಕೋಟಿ ಡಾಲರ್ ಚಿಲ್ಲರೆ ಎಂದಿದ್ದ ಅಂದಾಜು ಏರುತ್ತ ಏರುತ್ತ 48 ಕೋಟಿ ದಾಟಿತು. 2023ರಲ್ಲಿ ಕೆಲಸ ನಿಂತಿತು. ವರ್ಷಕ್ಕೆ ಒಂದು ಕಿಲೋ ಮೀನು ತೆಗೆಯಲು 48 ಡಾಲರ್ ಬಂಡವಾಳ! 20 ವರ್ಷಕ್ಕೆ ಹಂಚಿದರೂ ಪ್ರತಿ ಕಿಲೋ ಮೇಲೆ 2.40 ಡಾಲರ್ ಬೀಳುತ್ತದೆ, ಅದೂ ಬಡ್ಡಿ ಬಿಟ್ಟು, ಎಲ್ಲ ತೊಟ್ಟಿಯೂ ಎಲ್ಲ ವರ್ಷವೂ ತುಂಬಿದ್ದರೆ ಮಾತ್ರ. ಇಂಡಿಯಾನಾದಲ್ಲಿದ್ದ ಫಾರ್ಮ್‌ನ ಸಾಮರ್ಥ್ಯವೋ ಬರೀ 1,200 ಟನ್. ಅಷ್ಟರಲ್ಲಿ ಕಂಪನಿಯ ಖರ್ಚು ಹುಟ್ಟುವುದಿಲ್ಲ.

ಉತ್ತರ 2:
ಮಾರುಕಟ್ಟೆಯನ್ನೂ ಸೇರಿಸಿ. ಕೆನಡಾದಲ್ಲಿ 2017ರಲ್ಲಿ ಮೊದಲ 4.5 ಟನ್ ಮಾರಿದಾಗ ಕುಲಾಂತರಿ ಎಂಬ ಲೇಬಲ್ ಇರಲಿಲ್ಲ, ಕಾನೂನು ಕೇಳುತ್ತಲೂ ಇರಲಿಲ್ಲ. ಗ್ರಾಹಕರ ನಂಬಿಕೆಗೆ ಅದು ದೊಡ್ಡ ಪೆಟ್ಟು ಎಂದೇ ನನ್ನ ಅಭಿಪ್ರಾಯ. ಕಾಸ್ಟ್‌ಕೋ, ಕ್ರೋಗರ್‌ನಂಥ ದೊಡ್ಡ ಅಂಗಡಿಗಳು ಈ ಮೀನು ಬೇಡವೆಂದವು. ಹೆಚ್ಚು ಬೆಲೆ ಕೇಳುವ ದಾರಿ ಅಲ್ಲಿಗೇ ಮುಚ್ಚಿತು.

ತೊಟ್ಟಿ ಮೀನಿಗೆ ಮಣ್ಣಿನ ವಾಸನೆಯ ಕಾಟವೂ ಇದೆ, ಕಾರಣ ನೀರಿನ ಬ್ಯಾಕ್ಟೀರಿಯಾಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತು. ಹಿಡಿಯುವ ಮೊದಲು ಒಂದೆರಡು ವಾರ ಮೇವು ನಿಲ್ಲಿಸಿ ಶುದ್ಧ ನೀರಿನಲ್ಲಿ ಬಿಡಬೇಕು. ಆ ದಿನಗಳಲ್ಲಿ ಮೀನಿನ ತೂಕ ಇಳಿಯುತ್ತದೆ, ಕರೆಂಟ್ ಬಿಲ್ ಮಾತ್ರ ಏರುತ್ತದೆ.

ಉತ್ತರ 3:
ಸಾಲ್ಮನ್‌ನ ಆ ಲೆಕ್ಕ ನಮ್ಮ ರೈತರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಗಿಫ್ಟ್ ತಿಲಾಪಿಯಾ ಕುಲಾಂತರಿ ಅಲ್ಲವೇ ಅಲ್ಲ. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ ಆಯ್ಕೆ ತಳಿ ಅದು: ಪ್ರತಿ ಪೀಳಿಗೆಯಲ್ಲೂ ಚೆನ್ನಾಗಿ ಬೆಳೆದ ಮೀನುಗಳನ್ನೇ ಆರಿಸಿ ಕೂಡಿಸುತ್ತಾರೆ. ಭುವನೇಶ್ವರದ ಸಿಫಾದ (ಸಿಹಿನೀರು ಮೀನು ಸಾಕಣೆಯ ಕೇಂದ್ರ ಸಂಶೋಧನಾ ಸಂಸ್ಥೆ) ಜಯಂತಿ ರೋಹು ಕೂಡ ಹಾಗೇ, ಪೀಳಿಗೆಗೆ ಸರಾಸರಿ 17% ಬೆಳವಣಿಗೆ ಹೆಚ್ಚಿತು.

ಗಿಫ್ಟ್ ಕುಲಾಂತರಿ ಎಂಬ ಗೊಂದಲಕ್ಕೆ ಕಾರಣ ಹಾರ್ಮೋನ್ ಇರಬೇಕು. ಮರಿಗಳೆಲ್ಲ ಗಂಡಾಗಲಿ ಎಂದು ಹ್ಯಾಚರಿಯಲ್ಲಿ ಮೊದಲ 21 ದಿನ ಮೇವಿನಲ್ಲಿ ಮೀಥೈಲ್‌ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನ್ ಕೊಡುತ್ತಾರೆ, ಜೀನ್ ಮುಟ್ಟುವುದಿಲ್ಲ. ಹೆಣ್ಣು ಉಳಿದರೆ ಕೊಳದ ತುಂಬ ಪುಡಿ ಮರಿಯಾಗಿ ಮೇವೆಲ್ಲ ಅವುಗಳ ಪಾಲು, ದೊಡ್ಡ ಮೀನು ತೂಕಕ್ಕೆ ಬರುವುದಿಲ್ಲ. ಜಿಲೇಬಿ ಮೀನಿನ (ತಿಲಾಪಿಯಾದ) ರೇಟು ಬೀಳುವುದು ಇಂಥ ಸಣ್ಣ ಸೈಜಿಗೇ. ಮರಿ ಕೊಳ್ಳುವಾಗ ಗಂಡು ಮರಿಗಳ ಶೇಕಡಾವಾರು ಎಷ್ಟೆಂದು ಹ್ಯಾಚರಿಯಿಂದ ಬರೆಸಿಕೊಳ್ಳಿ.